ಮೆತ್ತನೆ ದನಿಯ ಅಪ್ಪ ಅಮ್ಮಂದಿರು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಮಕ್ಕಳನ್ನು ಯಾರೂ ಬೈಯುವುದಿಲ್ಲ. ಹೊಡೆಯುವುದಂತೂ ದೂರದ ಮಾತು. ನಾಲ್ಕು ವರ್ಷದ ಕೂಸು ಲಿಫ್ಟಿನೊಳಗೆ ಬಂದು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿಬಿಟ್ಟಿತೆನ್ನಿ. ಅದರಪ್ಪ ಮೊಣಕಾಲೂರಿ, ಅದರ ಕಣ್ಣಿನ ಮಟ್ಟಕ್ಕೆ ಇಳಿದು, ಎಫ್‌ಎಂ ರೇಡಿಯೋದ ನಡುರಾತ್ರಿಯ ದನಿಯಲ್ಲಿ ಹೇಳುತ್ತಾನೆ: "ಕಂದಾ, ನಿಂಗೆ ಈಗ ಎಲ್ಲಾ ಬಟನ್ನೂ ಒತ್ತಬೇಕು ಅನ್ನಿಸ್ತಿದೆ ಅಲ್ವಾ? ಅಪ್ಪಂಗೆ ಅರ್ಥ ಆಗುತ್ತೆ." ಅರ್ಥವಾಗದವರು ಹಿಂದೆ ನಿಂತ ನಾವು ಐದಾರು ಮಂದಿ. ಕೈಯಲ್ಲಿ ಹಾಲಿನ ಪ್ಯಾಕೆಟ್, ಮಹಡಿ ಮಹಡಿಯಲ್ಲೂ ಬಾಗಿಲು ತೆರೆಯುತ್ತದೆ, ಯಾರೂ ಹತ್ತುವುದಿಲ್ಲ, ಮುಚ್ಚುತ್ತದೆ. ಹದಿನೇಳನೇ ಮಹಡಿ ಮುಟ್ಟುವಷ್ಟರಲ್ಲಿ ಆ ಮಗುವಿನ ಭಾವನೆಗಳಿಗೆಲ್ಲ ಮನ್ನಣೆ ಸಿಕ್ಕಿರುತ್ತದೆ. ನಮ್ಮ ಹಾಲು ಒಡೆಯದಿದ್ದರೆ ಪುಣ್ಯ. ಇದರ ಹೆಸರು ಪಾಸಿಟಿವ್ ಪೇರೆಂಟಿಂಗ್.

ತಪ್ಪು ತಿಳಿಯಬೇಡಿ. ಬೆಲ್ಟು ಬಿಚ್ಚುತ್ತಿದ್ದ ಅಪ್ಪಂದಿರ ಪರ ವಕಾಲತ್ತು ವಹಿಸಲು ನಾನು ಬಂದಿಲ್ಲ. ಅದಕ್ಕೆ ಬೇರೆ ವಕೀಲರಿದ್ದಾರೆ. "ನಾವು ಏಟು ತಿಂದೇ ಬೆಳೆದದ್ದು, ನಮಗೇನಾಗಿದೆ?" ಎನ್ನುವ ಹಿರಿಯರ ಸಂಘವೊಂದು ಪ್ರತಿ ಪಾರ್ಕಿನಲ್ಲೂ ಬೆಳಗ್ಗೆ ಆರಕ್ಕೆ ಸೇರುತ್ತದೆ. ಅವರಿಗೇನಾಗಿದೆ ಎಂಬುದನ್ನು ಅವರ ಹೆಂಡತಿಯರನ್ನು ಕೇಳಬೇಕು. ನಲವತ್ತು ವರ್ಷದ ಸಂಸಾರದಲ್ಲಿ ಒಂದು ಸಲವೂ "ತಪ್ಪಾಯ್ತು ಕಣೇ" ಎಂದವರಲ್ಲ. ಕಾಫಿಗೆ ಸಕ್ಕರೆ ಕಡಿಮೆಯಾದರೆ ಬಾಯಿ ಬಿಟ್ಟು ಕೇಳುವುದಿಲ್ಲ, ಲೋಟ ಕುಟ್ಟುತ್ತಾರೆ. ತೀರಿಕೊಂಡು ಮೂವತ್ತು ವರ್ಷವಾದ ತಂದೆಯ ಹೆಸರೆತ್ತಿದರೆ ಈಗಲೂ ಕೂತಲ್ಲೇ ನೆಟ್ಟಗಾಗುತ್ತಾರೆ. ಆ ಏಟುಗಳು ಎಲ್ಲಿಗೂ ಹೋಗಿಲ್ಲ, ಒಳಗೇ ಬಿಡಾರ ಹೂಡಿವೆ. ಸ್ವೀಡನ್ನಿನವರು 1979ರಲ್ಲೇ ಮನೆಯೊಳಗೂ ಮಕ್ಕಳ ಮೇಲೆ ಕೈ ಎತ್ತಬಾರದೆಂದು ಕಾನೂನು ಮಾಡಿದರು. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್, ಶಾಲೆಯಲ್ಲಿ ಹೊಡೆಯುವುದೂ ಕೂಡದು, ಮನಸ್ಸು ಹಿಂಸಿಸುವುದೂ ಕೂಡದು ಎಂದು 2010ರಿಂದ ಹೇಳುತ್ತಿದೆ. ಹೊಡೆತದ ಕಾಲ ಮುಗಿಯುತ್ತಿದ್ದರೆ ಒಳ್ಳೆಯದೇ. ನನ್ನ ತಕರಾರು ಅದರ ಜಾಗಕ್ಕೆ ಬಂದು ಕೂತಿರುವ ನಾಟಕದ ಮೇಲೆ.

ನಾಟಕದ ಮೂಲಪ್ರತಿ ಚೆನ್ನಾಗಿಯೇ ಇದೆ. ಹೈಮ್ ಗಿನಾಟ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ಅಪ್ಪ ಅಮ್ಮಂದಿರಿಗಾಗಿ ಒಂದು ಪುಸ್ತಕ ಬರೆದರು. ಅದರ ತಿರುಳು ಇಷ್ಟು: ಮಗುವಿಗೆ ಏನು ಬೇಕಾದರೂ ಅನ್ನಿಸಲಿ, ಆದರೆ ಅನ್ನಿಸಿದ್ದನ್ನೆಲ್ಲ ಮಾಡಲು ಬಿಡಬೇಡಿ. ತಮ್ಮನ ಮೇಲೆ ಹೊಟ್ಟೆಕಿಚ್ಚು ಬರಬಹುದು, ತಮ್ಮನ ತಲೆಗೆ ಬ್ಯಾಟ್ ಬೀಸುವಂತಿಲ್ಲ. ಜೇನ್ ನೆಲ್ಸನ್ 1981ರಲ್ಲಿ 'ಪಾಸಿಟಿವ್ ಡಿಸಿಪ್ಲಿನ್' ಬರೆದಾಗಲೂ ಮೆತ್ತಗಿರಿ ಎಂಬುದರ ಪಕ್ಕದಲ್ಲೇ ಗಟ್ಟಿಯಾಗಿರಿ ಎಂದೂ ಇತ್ತು. ಆ ಎರಡನೆಯ ಅರ್ಧ ದೇವನಹಳ್ಳಿಯ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲೇ ಉಳಿದುಹೋಯಿತು. ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಒಂದು ಅರ್ಧ ಮಾತ್ರ ಹಿಡಿಸುತ್ತದೆ ನೋಡಿ.

ಇನ್ನೊಬ್ಬಾಕೆ ಡಯಾನಾ ಬಾಮ್‌ರಿಂಡ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅರವತ್ತರ ದಶಕದಲ್ಲಿ ತಂದೆತಾಯಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಾನು ಹೇಳಿದ್ದೇ ಕೊನೆ ಎನ್ನುವ ದರ್ಬಾರಿನವರು, ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಸಡಿಲದವರು, ಪ್ರೀತಿಯನ್ನೂ ಇಟ್ಟು ಗೆರೆಯನ್ನೂ ಎಳೆಯುವವರು. ಪಾಪ, ಆಕೆ ಬೆಂಗಳೂರಿಗೆ ಬಂದಿದ್ದರೆ ವಿಂಗಡಣೆಯನ್ನೇ ಕೈಬಿಡುತ್ತಿದ್ದರು. ಇಲ್ಲಿ ಮೂವರೂ ಒಂದೇ ಮೈಯಲ್ಲಿ ವಾಸಿಸುತ್ತಾರೆ. ಬೆಳಗ್ಗೆ ಏಳೂವರೆಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಮೊದಲನೆಯವರು. ರಾತ್ರಿ ಒಂಬತ್ತಕ್ಕೆ ಔಟರ್ ರಿಂಗ್ ರೋಡಿನ ಟ್ರಾಫಿಕ್ಕನ್ನೂ ಮಗುವಿನ ಮುಖ ನೋಡಲಿಲ್ಲವೆಂಬ ಸಂಕಟವನ್ನೂ ಹೊತ್ತು ಬರುವಾಗ ಎರಡನೆಯವರು. ಮೂರನೆಯವರು ಕಾಣಿಸಿಕೊಳ್ಳುವುದು ಶನಿವಾರದ ವರ್ಕ್‌ಶಾಪಿನಲ್ಲಿ ಮತ್ತು ವಾಟ್ಸಾಪ್ ಸ್ಟೇಟಸ್ಸಿನಲ್ಲಿ.

ಊಟದ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಪ್ರೀತಿ, ಸಿಟ್ಟು, ಸೊಸೆಯ ಮೇಲಿನ ಅತ್ತೆಯ ದೂರು, ಬೀಗರೆದುರಿನ ಮಾನ, ಎಲ್ಲ ವ್ಯವಹಾರವೂ ನಡೆಯುವುದು ಮಗುವಿನ ಬಾಯಿಯ ಮೂಲಕವೇ.

ಸಂಜೆ ಏಳರ ಹೊತ್ತಿಗೆ ನಮ್ಮ ಆಟದ ಮೈದಾನಕ್ಕೆ ಬನ್ನಿ. ಜಾರುಬಂಡಿಯ ಮೇಲೆ ಎರಡೂವರೆ ವರ್ಷದ ಮಗು. ಕೆಳಗೆ ಸ್ಟೀಲ್ ಬಟ್ಟಲು ಹಿಡಿದ ಹೆಣ್ಣುಮಗಳು, ಯಾದಗಿರಿ ಕಡೆಯವಳು. ಬಟ್ಟಲಲ್ಲಿ ಅನ್ನ, ತೊವ್ವೆ, ತುಪ್ಪ, ಅದರೊಳಗೆ ಪತ್ತೆಯಾಗದ ಹಾಗೆ ಕಿವುಚಿದ ಕ್ಯಾರೆಟ್. ಮಗು ಜಾರಿ ಕೆಳಗೆ ಬಂದ ಕ್ಷಣ ಒಂದು ತುತ್ತು. ಅದು ತುತ್ತನ್ನು ದವಡೆಯಲ್ಲಿಟ್ಟುಕೊಂಡು, ಕೆನ್ನೆ ಉಬ್ಬಿಸಿ, ಮತ್ತೆ ಮೆಟ್ಟಿಲು ಹತ್ತುತ್ತದೆ. ನುಂಗಿತೇ ಇಲ್ಲವೇ ಎಂಬುದು ಮುಂದಿನ ಜಾರಿಕೆಯಲ್ಲಿ ಗೊತ್ತಾಗಬೇಕು. ಎರಡನೇ ಮಹಡಿಯ ಬಾಲ್ಕನಿಯಿಂದ ತಾಯಿ, ಅಮೆರಿಕದವರ ಮೀಟಿಂಗನ್ನು ಮ್ಯೂಟ್ ಮಾಡಿ, ಎಷ್ಟಾಯಿತು ಎಂದು ಹುಬ್ಬು ಹಾರಿಸುತ್ತಾಳೆ. ಕೆಳಗಿನಾಕೆ ನಾಲ್ಕು ಬೆರಳು ತೋರಿಸುತ್ತಾಳೆ. ಮೇಲಿನಾಕೆ ಎರಡೂ ಕೈ ಬಿಡಿಸಿ ಹತ್ತು ಬೆರಳು ತೋರಿಸುತ್ತಾಳೆ. ಅದು ಇವತ್ತಿನ ಟಾರ್ಗೆಟ್. ಅವಳ ಮ್ಯಾನೇಜರೂ ಅವಳಿಗೆ ಅದನ್ನೇ ತೋರಿಸುತ್ತಿರಬೇಕು, ಇನ್ನೊಂದು ಪರದೆಯಲ್ಲಿ.

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಬಹಳ ಹಿಂದೆಯೇ ಇದಕ್ಕೊಂದು ಕೆಲಸ ಹಂಚಿಕೆ ಮಾಡಿಟ್ಟಿದ್ದಾರೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು, ಎಲ್ಲಿ ಕೂರಿಸಿ ಬಡಿಸಬೇಕು, ಈ ಮೂರೂ ದೊಡ್ಡವರ ಪಾಲು. ತಿನ್ನಬೇಕೇ ಬೇಡವೇ, ತಿಂದರೆ ಎಷ್ಟು, ಇವೆರಡು ಮಗುವಿನ ಪಾಲು. ಅವರವರ ಪಾಲಿನ ಕೆಲಸ ಅವರವರು ಮಾಡಿ, ಇನ್ನೊಬ್ಬರದಕ್ಕೆ ಕೈ ಹಾಕಬಾರದು, ಅಷ್ಟೇ ಶಾಸ್ತ್ರ. ನಮ್ಮಲ್ಲೂ ಹಂಚಿಕೆ ಇದೆ, ತಲೆಕೆಳಗಾಗಿ. ಏನು ತಿನ್ನಬೇಕೆಂದು ತೀರ್ಮಾನಿಸುವುದು ಮಗು: ನೂಡಲ್ಸ್. ಯಾವಾಗ ಎಂಬುದೂ ಮಗುವೇ: ಅಡುಗೆಮನೆ ತೊಳೆದು ಮುಗಿಸಿದ ಮೇಲೆ. ಎಲ್ಲಿ ಎಂಬುದೂ ಅದೇ: ಜಾರುಬಂಡಿ, ಮಂಚದ ಕೆಳಗೆ, ಕಾರಿನ ಹಿಂದಿನ ಸೀಟು. ಎಷ್ಟು ಎಂಬುದೊಂದು ಮಾತ್ರ ಬಾಲ್ಕನಿಯಲ್ಲಿ ನಿರ್ಧಾರವಾಗುತ್ತದೆ.

ಯಾದಗಿರಿಯಾಕೆ ಮೊದಮೊದಲು ಒಂದು ಮಾತು ಹೇಳಿ ನೋಡಿದಳು. "ಬಿಡ್ರಿ ಅಕ್ಕಾರ, ಯಾಕ ಇಷ್ಟ ಜುಲುಮಿ ಮಾಡ್ತೀರಿ? ಹಸಿವಾದ್ರ ಕೂಸು ತಾನಾ ಬಂದು ಕೇಳ್ತೈತಿ." ಅಕ್ಕಾವರು, "ನೀನು ಸುಮ್ನೆ ತಿನ್ಸಮ್ಮ" ಎಂದರು. ಆಮೇಲೆ ಅಕ್ಕಾವರೂ ಅವರ ಗಂಡನೂ ಜೆ.ಪಿ. ನಗರದ ಹೋಟೆಲೊಂದರ ಎ.ಸಿ. ಹಾಲಿನಲ್ಲಿ ನಡೆದ ಪೇರೆಂಟಿಂಗ್ ಶಿಬಿರಕ್ಕೆ ಹೋಗಿ ಬಂದರು. ಇಬ್ಬರಿಗೂ ಸೇರಿ ಕಟ್ಟಿದ ಫೀಸು ಆಕೆಯ ಅರ್ಧ ತಿಂಗಳ ಪಗಾರ. ಬಂದವರು ಆಕೆಯನ್ನು ಕೂರಿಸಿಕೊಂಡು, ಅಲ್ಲ, ನಿಲ್ಲಿಸಿಕೊಂಡು, ನೋಟ್‌ಬುಕ್ಕಿನ ಬಣ್ಣದ ಚಿತ್ರ ತೋರಿಸಿ ಪಾಠ ಮಾಡಿದರು: ಇನ್ನು ಮೇಲೆ ಬಲವಂತ ಮಾಡಬಾರದು, ಮಗುವಿನ ಹಸಿವನ್ನು ನಂಬಬೇಕು. "ನಾ ಹೇಳಿದ್ದೂ ಅದಾ ಅಲ್ಲೇನ್ರೀ" ಎಂದಳಂತೆ ಆಕೆ. ಅಕ್ಕಾವರಿಗೆ ಇದು ಅಧಿಕಪ್ರಸಂಗವಾಗಿ ಕಂಡಿತು. ಆಕೆಯನ್ನು ಮಹಾಜ್ಞಾನಿ ಮಾಡಿ ಕೂರಿಸಲು ನಾನು ಹೊರಟಿಲ್ಲ. ಊರಿನಲ್ಲಿರುವ ತನ್ನ ಮಗನಿಗೆ ಆಕೆ ಬೆನ್ನಿಗೆರಡು ಬಿಡುವುದೂ ಉಂಟು, ತಾನೇ ಹೇಳಿದ್ದಾಳೆ. ಆದರೆ ಈ ಒಂದು ಸಂಗತಿಯಲ್ಲಿ ಹೋಟೆಲಿನ ಹಾಲಿಗಿಂತ ಮೊದಲೇ ಆಕೆಗೆ ಗೊತ್ತಿತ್ತು, ಅಷ್ಟೇ. ಬಟ್ಟಲು ಹಿಡಿದು ಓಡುವುದು ಒಂದು ವಾರ ನಿಂತು, ಮಗುವಿನ ತೂಕ ನೋಡಿದ ಸೋಮವಾರದಿಂದ ಮತ್ತೆ ಶುರುವಾಯಿತು.

ಬಲವಂತದ ಫಲವೇನೆಂದು ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳ ಮುಂದೆ ಸೂಪ್ ಇಟ್ಟರು. ಒಮ್ಮೆ ಸುಮ್ಮನೆ ಬಿಟ್ಟರು, ಇನ್ನೊಮ್ಮೆ ಸೂಪ್ ಮುಗಿಸು ಎಂದು ಮತ್ತೆ ಮತ್ತೆ ಹೇಳಿದರು. ಸುಮ್ಮನೆ ಬಿಟ್ಟಾಗ ಮಕ್ಕಳು ಹೆಚ್ಚು ಕುಡಿದವು. ಒತ್ತಾಯಿಸಿದಾಗ ಕಡಿಮೆ ಕುಡಿದದ್ದಲ್ಲದೆ ಸೂಪನ್ನೇ ಹಳಿದವು. ಇದಕ್ಕೊಂದು ಪ್ರಯೋಗಾಲಯ ಬೇಕಿತ್ತೇ ಎನ್ನಬೇಡಿ. ನಮ್ಮ ಮದುವೆ ಊಟದ ಪಂಕ್ತಿಯಲ್ಲಿ ಮೂರನೇ ಹೋಳಿಗೆ ಹಿಡಿದು ಬರುವ ಬೀಗರನ್ನು ಕಂಡು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಾಗುತ್ತೀರಲ್ಲ, ಆಗ ನಿಮಗೆ ಹೋಳಿಗೆಯ ಮೇಲೂ ಬೀಗರ ಮೇಲೂ ಏನನ್ನಿಸುತ್ತದೋ ಅದೇ ಆ ಮಕ್ಕಳಿಗೂ ಅನ್ನಿಸಿದ್ದು. ನಿಮಗೆ ಅಡ್ಡ ಹಿಡಿಯಲು ಕೈಯಾದರೂ ಬಿಡುತ್ತಾರೆ. ಮಗುವಿನ ಎರಡೂ ಕೈಯನ್ನು ಅಜ್ಜಿ ಹಿಡಿದುಕೊಂಡಿರುತ್ತಾರೆ.

ಬಲವಂತ ಬಿಟ್ಟವರು ಲಂಚಕ್ಕೆ ಇಳಿದಿದ್ದಾರೆ. "ಬೀನ್ಸ್ ಪಲ್ಯ ಖಾಲಿ ಮಾಡಿದ್ರೆ ಐಸ್‌ಕ್ರೀಮ್." ಮಗುವಿಗೆ ಇದರಿಂದ ಒಂದು ಪಾಠ ಚೆನ್ನಾಗಿ ತಲೆಗೆ ಹತ್ತುತ್ತದೆ: ದುಡ್ಡು ಕೊಟ್ಟರೂ ತಿನ್ನಬಾರದ ವಸ್ತು ಬೀನ್ಸ್. ಇಲ್ಲದಿದ್ದರೆ ಇಷ್ಟು ದೊಡ್ಡ ಪರಿಹಾರಧನ ಯಾಕೆ ಕೊಡುತ್ತಾರೆ? ಇನ್ನು ಕೆಲವರು ಸಿಹಿಯನ್ನೇ ಪೂರ್ತಿ ನಿಷೇಧಿಸಿ, ಡಬ್ಬವನ್ನು ಮೇಲಿನ ಕಪಾಟಿನಲ್ಲಿ ಇಡುತ್ತಾರೆ. ಬರ್ಚ್ ಮತ್ತು ಜೆನಿಫರ್ ಫಿಶರ್ 1999ರಲ್ಲೇ ತೋರಿಸಿದ್ದಾರೆ, ಕಣ್ಣೆದುರಿಟ್ಟು ಕೈಗೆ ಸಿಗದ ಹಾಗೆ ಮಾಡಿದ ತಿಂಡಿಯ ಮೇಲೇ ಮಕ್ಕಳ ಗಮನವೆಲ್ಲ ನೆಡುತ್ತದೆ ಎಂದು. ನಮಗೆ ಈ ಸುದ್ದಿ ಹೊಸದೇನಲ್ಲ. ಬೆಣ್ಣೆಯನ್ನು ನೆಲುವಿಗೆ ಏರಿಸಿದ್ದರಿಂದಲೇ ಗೋಕುಲದಲ್ಲಿ ಒಬ್ಬ ಕಳ್ಳ ಹುಟ್ಟಿದ. ಯಶೋದೆ ಅವನನ್ನು ಒರಳಿಗೆ ಕಟ್ಟಿದ್ದು ಇವತ್ತಾಗಿದ್ದರೆ ನೆರೆಮನೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಿದ್ದರು, ಮಾಡಬೇಕಾದದ್ದೇ ಬಿಡಿ.

ಹಾಗಾದರೆ ಮಕ್ಕಳ ಇಷ್ಟಕ್ಕೇ ಬಿಟ್ಟುಬಿಡೋಣವೇ? ಬಿಟ್ಟು ನೋಡಿದವರಿದ್ದಾರೆ. 1920ರ ದಶಕದ ಕೊನೆಯಿಂದ ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆ 15 ಎಳೆಗೂಸುಗಳ ಮುಂದೆ ಬಗೆಬಗೆಯ ತಿನಿಸನ್ನು ಇಟ್ಟು, ಬೇಕಾದ್ದನ್ನು ಬೇಕಾದಷ್ಟು ತಿನ್ನಲು ವರ್ಷಗಟ್ಟಲೆ ಬಿಟ್ಟರು. ಮಕ್ಕಳು ಗುಂಡುಗುಂಡಾಗಿ ಬೆಳೆದವು. ಈ ಕಥೆಯ ಇಷ್ಟು ಭಾಗವನ್ನು ಹೇಳಿ ತಮ್ಮ ಮಗನಿಗೆ ರಾತ್ರಿ ಊಟಕ್ಕೆ ಚಾಕೊಲೇಟ್ ಸೀರಿಯಲ್ ಕೊಡುವವರನ್ನು ಕಂಡಿದ್ದೇನೆ. ಡೇವಿಸ್ 1939ರಲ್ಲಿ ತಾವೇ ಗುಟ್ಟು ಬಿಟ್ಟುಕೊಟ್ಟಿದ್ದರು: ಆ ತಟ್ಟೆಗಳಲ್ಲಿ ಸಕ್ಕರೆ ಇರಲಿಲ್ಲ, ಮೈದಾ ಇರಲಿಲ್ಲ, ಇದ್ದದ್ದು ಹಣ್ಣು, ತರಕಾರಿ, ಕಾಳು, ಹಾಲು, ಮೊಟ್ಟೆ, ಮಾಂಸ. ಮಗು ಆರಿಸಿತು ನಿಜ, ಆದರೆ ಆರಿಸಬೇಕಾದ್ದನ್ನು ದೊಡ್ಡವರು ಮೊದಲೇ ಆರಿಸಿಟ್ಟಿದ್ದರು. ನಮ್ಮಲ್ಲಿ ಆರಿಸಿಡುವ ಕೆಲಸವನ್ನು ಜಾಹೀರಾತಿನವರಿಗೆ ಗುತ್ತಿಗೆ ಕೊಟ್ಟಾಗಿದೆ. ಎರಡು ತಲೆಮಾರಿನ ತಾಯಂದಿರು ಮಕ್ಕಳಿಗೆ ಹೆಲ್ತ್ ಡ್ರಿಂಕ್ ಎಂದು ಮಾಲ್ಟಿನ ಪುಡಿ ಕಲಸಿ ಕುಡಿಸಿದರು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಎಂಬ ವರ್ಗವೇ ಇಲ್ಲ, ಬೋರ್ನ್‌ವಿಟಾ ಮೊದಲಾದವನ್ನು ಆ ಹೆಸರಿನಡಿ ಮಾರಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಆ ಮಕ್ಕಳಿಗೆ ಮಕ್ಕಳಾಗಿದ್ದವು.

ಇಷ್ಟೆಲ್ಲ ಓದು, ಶಿಬಿರ, ಚಾರ್ಟುಗಳ ನಂತರವೂ ಮಗುವಿಗೆ ಉಣಿಸುತ್ತಿರುವುದು ಯಾರು ಎಂದು ತಿಳಿಯಬೇಕಾದರೆ ಭಾನುವಾರ ಯಾವುದಾದರೂ ಹೋಟೆಲಿಗೆ ಹೋಗಿ. ನೀರಿನ ಜಗ್ಗಿಗೆ ಒರಗಿಸಿದ ಮೊಬೈಲು. ಅದರಲ್ಲಿ ಕುಣಿಯುವ ಬಣ್ಣದ ಕೋಳಿಮರಿಗಳು. ಕಣ್ಣು ಪರದೆಯಲ್ಲಿ ನೆಟ್ಟ ಮಗು ತಟ್ಟೆ ನೋಡುವುದಿಲ್ಲ, ತಾಯಿಯ ಮುಖ ನೋಡುವುದಿಲ್ಲ. ತುಟಿಗೆ ಇಡ್ಲಿ ತಾಗಿದೊಡನೆ ಬಾಯಿ ತೆರೆಯುತ್ತದೆ, ಎಟಿಎಮ್ಮಿಗೆ ಕಾರ್ಡು ತುರುಕಿದ ಹಾಗೆ ಚೂರು ಒಳಗೆ ಹೋಗುತ್ತದೆ. ವಿಡಿಯೋ ನಿಂತರೆ ಬಾಯಿಯೂ ಮುಚ್ಚುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೊಂದು ಗಂಟೆ ಮೀರುವುದು ಬೇಡ ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರಿಂದ ಹೇಳುತ್ತಿದೆ. ಆ ಸಲಹೆಯ ಪಿಡಿಎಫ್ಫು ಅದೇ ಮೊಬೈಲಿನಲ್ಲಿ ಇರುತ್ತದೆ. ಮಗು ಉಂಡು ಮುಗಿಸಿದ ಮೇಲೆ ಓದಿದರಾಯಿತು.

ಭಾವನೆಗಳ ಇಲಾಖೆಯಲ್ಲಿ ಇನ್ನೂ ಶಿಸ್ತಿದೆ. ಫ್ರಿಜ್ಜಿನ ಬಾಗಿಲಿಗೆ ಹದಿನಾರು ಮುಖಗಳ ಚಾರ್ಟು. ಮಗುವಿಗೆ ಅಳು ಬಂದರೆ ಮೊದಲು ಹೋಗಿ ಯಾವ ಮುಖ ಎಂದು ಬೆರಳಿಟ್ಟು ತೋರಿಸಬೇಕು, ಆಮೇಲೆ ಅಳಬಹುದು. ಮನೆಯಲ್ಲಿ ಕನ್ನಡವಿದ್ದರೂ ಈ ಇಲಾಖೆಯ ಕಡತಗಳೆಲ್ಲ ಇಂಗ್ಲಿಷಿನಲ್ಲಿ. "ಐ ಕ್ಯಾನ್ ಸೀ ಯು ಆರ್ ಅಪ್‌ಸೆಟ್" ಎಂದು ತಂದೆ ಹೇಳುವಾಗ, ಇದು ತನಗೆ ಹೇಳಿದ್ದೋ ಆಫೀಸಿನ ಕಾಲ್‌ನಲ್ಲಿರುವವರಿಗೆ ಹೇಳಿದ್ದೋ ಎಂದು ಮಗು ಒಂದು ಗಳಿಗೆ ಅಳು ನಿಲ್ಲಿಸಿ ನೋಡುತ್ತದೆ. ಅಷ್ಟು ಮಟ್ಟಿಗೆ ಉಪಯೋಗವಿದೆ. ಅಪ್ಪನಿಗಾಗಿ ಮಾತ್ರ ಯಾವ ಚಾರ್ಟೂ ಇಲ್ಲ. ಷೇರು ಬಿದ್ದ ದಿನ ಅವನ ಮುಖ ಆ ಹದಿನಾರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. "ಅಪ್ಪಂಗೆ ಏನೂ ಆಗಿಲ್ಲ ಪುಟ್ಟಾ, ಹೋಗಿ ಆಟ ಆಡ್ಕೋ" ಎಂದು ಅಮ್ಮ ಹೇಳುತ್ತಾಳೆ. ಭಾವನೆಗಳನ್ನು ಹೆಸರಿಟ್ಟು ಹೇಳಬೇಕೆಂಬ ಪಾಠದ ಪ್ರಾಯೋಗಿಕ ತರಗತಿ ಅಲ್ಲಿಗೆ ಮುಗಿಯಿತು.

ಹಿಂದೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಈಗ ಅದೇ ಮೂಲೆಗೆ ಬೀನ್ ಬ್ಯಾಗು, ಮಿಣುಕು ದೀಪ ಹಾಕಿ ಕಾಮ್ ಕಾರ್ನರ್ ಎನ್ನುತ್ತಾರೆ. ಅಲ್ಲಿಗೆ ಮಗು ತಾನಾಗಿಯೇ ಹೋಗಬೇಕು, ಹೋಗುವವರೆಗೂ ಅಪ್ಪ ಅಮ್ಮ ಇಬ್ಬರೂ ಅಡ್ಡ ನಿಂತಿರುತ್ತಾರೆ. ಬೈಗುಳ ನಿಂತಿದೆ, ಸಿಟ್ಟು ನಿಂತಿಲ್ಲ. ಹಲ್ಲು ಕಚ್ಚಿಕೊಂಡು, ಕಣ್ಣು ಕೆಂಪಾಗಿಸಿಕೊಂಡು, ಪಿಸುದನಿಯಲ್ಲಿ "ಚಿನ್ನಾ, ಅಮ್ಮಂಗೆ ಕೋಪ ಬಂದಿಲ್ಲ" ಎನ್ನುವ ತಾಯಿಯನ್ನು ನೋಡಿದ್ದೀರಾ? ನನಗಂತೂ ಕೈಕಾಲು ತಣ್ಣಗಾಯಿತು. ನೇರವಾಗಿ "ನಂಗೆ ಸಿಟ್ಟು ಬಂದಿದೆ, ಹತ್ತು ನಿಮಿಷ ಮಾತಾಡಿಸಬೇಡ" ಎಂದಿದ್ದರೆ ಮಗುವಿಗೆ ಬದುಕು ಸುಲಭವಾಗುತ್ತಿತ್ತು. ಗಿನಾಟ್ ಅದನ್ನೂ ಬರೆದಿದ್ದಾರೆ. ಅಪ್ಪ ಅಮ್ಮಂದಿರಿಗೂ ಸಿಟ್ಟು ಬರಬಹುದು, ಅದನ್ನು ಮಗುವನ್ನು ಹೀಯಾಳಿಸದೆ ಹೇಳಬೇಕು ಎಂದು. ಅದೂ ಕಸ್ಟಮ್ಸಿನಲ್ಲಿದೆ.

ಗುಮ್ಮನ ಗತಿ ಏನಾಯಿತು ಎಂದು ಕೇಳುತ್ತೀರಾ? ಪುರಂದರದಾಸರ ಕಾಲದಲ್ಲಿ ಕೃಷ್ಣನನ್ನೂ ನಡುಗಿಸಿದ್ದ ಗುಮ್ಮ ಈಗ ನಿವೃತ್ತ. ಮಗುವನ್ನು ಹೆದರಿಸಬಾರದು ಎಂದು ಶಿಬಿರದಲ್ಲಿ ಹೇಳಿದ್ದಾರೆ. ಅವನ ಹುದ್ದೆಗೆ ಹೊರಗುತ್ತಿಗೆಯಲ್ಲಿ ಬೇರೆಯವರನ್ನು ನೇಮಿಸಲಾಗಿದೆ. "ತಿನ್ನದಿದ್ರೆ ಸೆಕ್ಯುರಿಟಿ ಅಂಕಲ್ ಕರೀತೀನಿ ನೋಡು." ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದು ಹನ್ನೆರಡು ಗಂಟೆ ಪಾಳಿಯಲ್ಲಿ ಗೇಟು ಕಾಯುವ ಆ ಹುಡುಗನಿಗೆ ತಾನು ರಾಕ್ಷಸನಾಗಿರುವ ವಿಷಯವೇ ಗೊತ್ತಿಲ್ಲ. ಮಗುವನ್ನು ಕಂಡಾಗೆಲ್ಲ ನಗುತ್ತಾನೆ. ಮಗು ತಾಯಿಯ ಕಾಲಿನ ಹಿಂದೆ ಅವಿತುಕೊಳ್ಳುತ್ತದೆ.

ನಡತೆಗೆ ಸ್ಟಾರ್ ಚಾರ್ಟು. ಹಲ್ಲುಜ್ಜಿದರೆ ಒಂದು ಸ್ಟಾರ್, ಆಟಿಕೆ ಎತ್ತಿಟ್ಟರೆ ಎರಡು, ತಂಗಿಯನ್ನು ಚಿವುಟದಿದ್ದರೆ ಮೂರು. ಹತ್ತು ಕೂಡಿದರೆ ಗಿಫ್ಟ್. ಆರು ತಿಂಗಳಲ್ಲಿ ಮಗು ಪಕ್ಕಾ ಪಿಡಬ್ಲ್ಯುಡಿ ಗುತ್ತಿಗೆದಾರನಾಗುತ್ತದೆ. "ನೀರು ತಂದ್ಕೊಡು ಪುಟ್ಟಾ" ಎಂದರೆ "ಎಷ್ಟು ಸ್ಟಾರ್?" ಎಂದು ಮೊದಲು ರೇಟು ಮಾತಾಡುತ್ತದೆ. ಚಿವುಟದಿದ್ದರೆ ಮೂರು ಎಂದಮೇಲೆ, ಮೊದಲು ಚಿವುಟುವ ಬೆದರಿಕೆ ಹಾಕಿದರೆ ದರ ಏರುತ್ತದೆ ಎಂಬುದನ್ನೂ ತಾನೇ ಕಂಡುಕೊಳ್ಳುತ್ತದೆ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಇಬ್ಬರು ಸಹೋದ್ಯೋಗಿಗಳು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳಿಗೆ, ಬರೆದರೆ ಬಹುಮಾನ ಎಂದು ಮೊದಲೇ ಹೇಳಿ ಬರೆಸಿದರು. ಆಮೇಲೆ ಬಹುಮಾನವಿಲ್ಲದ ದಿನಗಳಲ್ಲಿ ಆ ಮಕ್ಕಳು ಮೊದಲಿನಷ್ಟು ಚಿತ್ರ ಬರೆಯಲಿಲ್ಲ. ಇಷ್ಟದ ಕೆಲಸವನ್ನು ಕೂಲಿ ಕೆಲಸ ಮಾಡುವುದು ಹೇಗೆಂದು ತಿಳಿಯಲು ಇದಕ್ಕಿಂತ ಅಗ್ಗದ ವಿಧಾನವಿಲ್ಲ.

ಮಗುವಿನ ವೇಗಕ್ಕೆ ನಾವು ಹೆಜ್ಜೆ ಹಾಕಬೇಕು, ಅವಸರ ಮಾಡಬಾರದು ಎನ್ನುವ ಇದೇ ಜನ ಶಾಲೆಯ ಅರ್ಜಿಯ ಮುಂದೆ ಹೇಗಿರುತ್ತಾರೆ ನೋಡಬೇಕು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂತು. "ನಮ್ಮ ಮಗುವಿಗೆ ಒಂದು ವರ್ಷ ಹಾಳಾಗುತ್ತದೆ" ಎಂದು ಪೋಷಕರು ಗಂಟಲು ಹರಿದುಕೊಂಡರು. 2025ರಲ್ಲಿ ಸರ್ಕಾರ ಆ ಒಂದು ಸಾಲಿನ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಐದನೇ ವಯಸ್ಸಿನಲ್ಲಿ ಒಂದು ವರ್ಷ ಹೆಚ್ಚಿಗೆ ಮಣ್ಣಾಡಿದರೆ ಅದು ಹೇಗೆ ಹಾಳಾಗುತ್ತದೆ ಎಂಬುದನ್ನು ಯಾರೂ ವಿವರಿಸಲಿಲ್ಲ.

ಇವೆಲ್ಲ ನಗುವ ಸಂಗತಿಗಳು. ನಗು ಬಾರದ ಒಂದು ಸಂಗತಿ ಉಳಿದಿದೆ.

ಲಿಫ್ಟಿನಲ್ಲಿ ಮೊಣಕಾಲೂರಿದ ಆ ತಂದೆ ಕೆಳಗೆ ಗೇಟಿನಲ್ಲಿ ಊಟ ತಂದ ಡೆಲಿವರಿ ಹುಡುಗನ ಜತೆ ಮಾತಾಡುವುದನ್ನು ಕೇಳಿದ್ದೇನೆ. ಎಫ್‌ಎಂ ದನಿ ಎಲ್ಲೂ ಇರಲಿಲ್ಲ. ಮಗು ಅವನ ಹೆಗಲ ಮೇಲೇ ಇತ್ತು. ಬಾಲ್ಕನಿಯ ತಾಯಿ, ಬಟ್ಟಲು ತೊಳೆಯುವಾಗ ಯಾದಗಿರಿಯಾಕೆ ಒಂದು ಗಾಜಿನ ಲೋಟ ಒಡೆದದ್ದಕ್ಕೆ ಆಡಿದ ಮಾತು ಎರಡು ಮನೆಯಾಚೆ ಕೇಳಿಸಿತು. ಅಲ್ಲಿ "ನಿನಗೆ ಈಗ ಬೇಜಾರಾಗಿದೆ ಅಲ್ವಾ" ಇರಲಿಲ್ಲ, ಕಾಮ್ ಕಾರ್ನರೂ ಇರಲಿಲ್ಲ. ನಮ್ಮ ಪಾಸಿಟಿವ್ ಎಲ್ಲವೂ ನಮ್ಮ ರಕ್ತಸಂಬಂಧಕ್ಕೆ ಮೀಸಲು. 1961ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಮಕ್ಕಳೆದುರು ದೊಡ್ಡವರಿಂದ ಒಂದು ಗಾಳಿ ತುಂಬಿದ ಗೊಂಬೆಗೆ ಹೊಡೆಸಿದರು, ಬೈಸಿದರು. ಆಮೇಲೆ ಮಕ್ಕಳನ್ನು ಗೊಂಬೆಯ ಬಳಿ ಬಿಟ್ಟರೆ ಅವೂ ಹಾಗೆಯೇ ಹೊಡೆದವು, ಅದೇ ಮಾತು ಬಳಸಿ ಬೈದವು. ಮಕ್ಕಳ ಮುಂದೆ ನಾವು ಮಕ್ಕಳೊಡನೆ ಹೇಗೆ ಮಾತಾಡುತ್ತೇವೆ ಎಂಬುದಕ್ಕೆ ಶಿಬಿರವಿದೆ. ಮಕ್ಕಳ ಮುಂದೆ ಮಿಕ್ಕವರೊಡನೆ ಹೇಗೆ ಮಾತಾಡುತ್ತೇವೆ ಎಂಬುದಕ್ಕೆ ಫೀಸು ಕಟ್ಟುವವರು ಯಾರೂ ಇಲ್ಲ.

ಮೊನ್ನೆ ಆಟದ ಮೈದಾನದಲ್ಲಿ ಪುಟ್ಟ ಹುಡುಗಿಯರು ಮನೆಯಾಟ ಆಡುತ್ತಿದ್ದರು. ಅಮ್ಮನಾದವಳು ಕಿವಿಗೆ ಒಂದು ಕಡ್ಡಿ ಸಿಕ್ಕಿಸಿಕೊಂಡಿದ್ದಳು, ಅದು ಇಯರ್‌ಫೋನ್. ಗೊಂಬೆಯನ್ನು ಮಡಿಲಲ್ಲಿಟ್ಟು, "ಓಕೆ ಬೇಬಿ, ಡೀಪ್ ಬ್ರೆತ್ ತಗೋ" ಎಂದು ಬಹಳ ಅಕ್ಕರೆಯಿಂದ ಹೇಳಿದಳು. ನಂತರ ಗುಂಪಿನಲ್ಲೇ ಚಿಕ್ಕವಳ ಕಡೆ ತಿರುಗಿದಳು. ಮನೆಗೆಲಸದವಳ ಪಾತ್ರ ಯಾರಿಗೂ ಬೇಡವಾಗಿ ಕೊನೆಗೆ ಅವಳ ಪಾಲಿಗೆ ಬಂದಿತ್ತು. "ಎಷ್ಟ್ ಸಲ ಹೇಳ್ಬೇಕು ನಿಂಗೆ? ನಾಳೆಯಿಂದ ಬರ್ಬೇಡ!" ಅನುಕರಣೆ ಪಕ್ಕಾ ಇತ್ತು. ಸೊಂಟದ ಮೇಲಿನ ಕೈ ಸಮೇತ.

ಇತ್ತ ಯಾದಗಿರಿಯಾಕೆಯ ಮಗ ಊರಿನಲ್ಲಿ ಅಜ್ಜಿಯ ಬಳಿ ಇದ್ದುಕೊಂಡು ಸರ್ಕಾರಿ ಶಾಲೆಗೆ ಹೋಗುತ್ತಾನೆ. ಅವನ ಹಿಂದೆ ಬಟ್ಟಲು ಹಿಡಿದು ಓಡುವವರಿಲ್ಲ. ಇದನ್ನು ಕೇಳಿದೊಡನೆ "ನೋಡಿ, ಬಡವರ ಮಕ್ಕಳು ಎಷ್ಟು ಚೆನ್ನಾಗಿ ತಾವೇ ಉಣ್ಣುತ್ತವೆ" ಎಂದು ಕರಗಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಆರು ತಿಂಗಳು ದಾಟಿದ ಪುಟಾಣಿಗಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಏನು ಬಡಿಸಬೇಕು ಎಂಬ ದೊಡ್ಡವರ ಪಾಲಿನ ಕೆಲಸವನ್ನು ಅಲ್ಲಿ ಯಾರೂ ಸರಿಯಾಗಿ ಮಾಡಿಲ್ಲ ಎಂದಷ್ಟೇ ಇದರರ್ಥ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಕೂಡದೆಂದರು. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ದಬಾಯಿಸಿದಳು. ನಮ್ಮ ಶಿಬಿರಗಳು ಮಕ್ಕಳಿಂದ ಬಯಸುವುದು ಇನ್ನೇನನ್ನು? ತನ್ನ ಹಸಿವು ತನಗೆ ಗೊತ್ತಿರಬೇಕು, ಬೇಕಾದದ್ದನ್ನು ಬಾಯಿಬಿಟ್ಟು ಕೇಳಬೇಕು, ದೊಡ್ಡವರೆಂದು ಅಂಜಿ ನುಂಗಿಕೊಳ್ಳಬಾರದು. ಅವಳೆದುರು ಮೊಣಕಾಲೂರಿ "ಅರ್ಥ ಆಗುತ್ತೆ ಕಂದಾ" ಎಂದವರು ನನ್ನ ಕಣ್ಣಿಗೆ ಬೀಳಲಿಲ್ಲ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಟಾಗಿದೆ. ಯಾದಗಿರಿಯಾಕೆ ಮಗನಿಗೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಈಗ ಅದೇ, ಇವತ್ತು ತತ್ತಿ ಕೊಟ್ಟರೇನೋ ಎಂದು. ಕೇಳುವಾಗ ಆಕೆಯ ಇನ್ನೊಂದು ಕೈಯಲ್ಲಿ ನಮ್ಮ ಮಗುವಿನ ಬಟ್ಟಲು ಇರುತ್ತದೆ.

ಕೊನೆಗೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಗಳಲ್ಲಿ ಒಂದು ಅರಿಕೆ. ನಿಮ್ಮ ಸಂಘಗಳೂ ಹೀಗೇ ಮಾಡಿದ್ದರೆ ನಿಮ್ಮಲ್ಲೂ. ಆಟದ ಮೈದಾನದ ಬೆಂಚಿನ ಪಕ್ಕದಲ್ಲಿ ಒಂದು ಬೋರ್ಡು ನೆಟ್ಟಿದ್ದೀರಿ: ಮನೆಗೆಲಸದವರು ಇಲ್ಲಿ ಕುಳಿತುಕೊಳ್ಳಬಾರದು. ನಿಯಮ ಎಲ್ಲರಿಗೂ ತಿಳಿಯಲಿ ಎಂದು ಎರಡು ಭಾಷೆಯಲ್ಲಿ, ದಪ್ಪ ಅಕ್ಷರದಲ್ಲಿ ಬರೆಸಿದ್ದೀರಿ. ಅದನ್ನು ಈ ವಾರವೇ ಕಿತ್ತು ಹಾಕಿಸಿ. ಮುಂದಿನ ಸಭೆಯವರೆಗೆ ಕಾಯಬೇಡಿ. ನಮ್ಮ ಮಕ್ಕಳು ಎಲ್‌ಕೆಜಿ ಮುಗಿಸಿದ್ದಾರೆ, ಈಗ ಅವರಿಗೆ ಓದಲು ಬರುತ್ತದೆ.